ಪಂಪ್‌ಸೆಟ್ ಮನೆಯ ಸೀಗಡಿ ಪುಡಿ

ನಾನು ಚಿಕ್ಕವಳಿದ್ದಾಗ ಮನೆಯ ದೀಪ ತಿಕ್ಕುವ ಕೆಲಸ ನನ್ನ ಪಾಲಿನದು. ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹುಣಸೆಹಣ್ಣಿಗೆ ಒಲೆಯ ಬೂದಿ ಸೇರಿಸಿಕೊಂಡು ಹಿತ್ತಾಳೆ ದೀಪ ಉಜ್ಜುತ್ತಿದ್ದೆ. ಒಂದು ದೀಪ ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಅರ್ಧ ಕಪ್ಪಗೇ ಇತ್ತು. ಅಷ್ಟರಲ್ಲಿ ಅಪ್ಪ ಒಳಗಿನಿಂದ ಓಡಿ ಬಂದು, ಸೌದೆ ಆರಿಸುತ್ತಿದ್ದ ಅವ್ವನಿಗೆ ಕೂಗಿ ಹೇಳಿದ.

"ಏ, ಕೇಳಿದ್ಲು ಕಣೇ! ತಿನ್ನೋಕೆ ಬಾಯಿಬಿಟ್ಟು ಕೇಳಿದ್ಲು!"

ಕೇಳಿದವಳು ನಮ್ಮಕ್ಕ. ಮದುವೆಯಾಗಿ ರಾಜಾಜಿನಗರ ಸೇರಿದ್ದಳು. ಬಹಳ ವರ್ಷ ಕಾದ ಮೇಲೆ ಅವಳ ಹೊಟ್ಟೆಯಲ್ಲಿ ಒಂದು ಪಾಪು ಬಂದಿತ್ತು. ಬಂದದ್ದೇನೋ ಸರಿ, ಆದರೆ ಅಂದಿನಿಂದ ಅಕ್ಕನಿಗೆ ಅನ್ನ ಕಂಡರೆ ವಾಕರಿಕೆ. ಗಂಜಿ, ಎಳನೀರು, ಏನು ಕೊಟ್ಟರೂ ನಿಲ್ಲುತ್ತಿರಲಿಲ್ಲ. ಕೆನ್ನೆ ಗುಳಿ ಬಿದ್ದಿತ್ತು, ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆರೈಕೆಗೆಂದು ನಮ್ಮ ಊರಿಗೆ ಕರೆತಂದಿದ್ದೆವು. ಹಿಂದಿನ ದಿನ ನೋಡಿದ್ದ ಡಾಕ್ಟರಮ್ಮ, "ನಾಳೆ ಸಂಜೆಯೊಳಗೆ ಹೊಟ್ಟೇಲಿ ಏನಾದ್ರೂ ನಿಲ್ಬೇಕಮ್ಮ. ಇಲ್ಲಾಂದ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ. ಆಸ್ಪತ್ರೆಗೆ ಸೇರಿಸ್ಬಿಡಿ" ಎಂದಿದ್ದರು. ಆಗಿನಿಂದ ಮನೆಯಲ್ಲಿ ಯಾರಿಗೂ ಊಟ ರುಚಿಸಿರಲಿಲ್ಲ.

"ಏನು ಬೇಕಂತೆ? ಈಗ್ಲೇ ಮಾಡ್ಕೊಡ್ತೀನಿ" ಎಂದು ಅವ್ವ ಸೆರಗಿಗೆ ಕೈ ಒರೆಸುತ್ತ ಎದ್ದಳು.

ಅಪ್ಪ ಆಕಾಶ ನೋಡಿದ. ಬಾವಿ ನೋಡಿದ. "ಅದೇ... ಸೀಗಡಿ ಪುಡಿ" ಎಂದ.

ಅವ್ವನ ಕೈ ಸೆರಗಿನಲ್ಲೇ ನಿಂತುಬಿಟ್ಟಿತು.

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹೇಗೋ ಹಾಗೆ ಸೀಗಡಿ ಪುಡಿ. ಸಮುದ್ರದ ಕಡೆಯಿಂದ ಒಣಗಿ ಬರುತ್ತಿದ್ದ, ಉಗುರಿನಷ್ಟು ಪುಟ್ಟ ಸೀಗಡಿ ನಮಗೆ ಸಂತೆಯಲ್ಲಿ ಸಿಗುತ್ತಿತ್ತು. ಸೊಪ್ಪಿನ ಸಾರು ಸಪ್ಪೆಯಾದ ದಿನ ಮುದ್ದೆಯ ಪಕ್ಕ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಪುಡಿ. ಬದನೆಕಾಯಿ ಹುಳಿಯನ್ನು ಒಲೆಯಿಂದ ಇಳಿಸುವ ಮುಂಚೆ ಒಂದು ಹಿಡಿ. ಮಳೆ ಹಿಡಿದುಕೊಂಡು ತರಕಾರಿಯೇ ಇಲ್ಲವೆಂದರೆ ಬಿಸಿ ಅನ್ನಕ್ಕೆ ಅದನ್ನೇ ಕಲಸಿ, ಮೇಲೆ ಒಂದಿಷ್ಟು ಕಡಲೇಕಾಯಿ ಎಣ್ಣೆ. ಅದೇ ನಮಗೆ ಹಬ್ಬದೂಟ.

ಆದರೆ ಶ್ರಾವಣ ಬಂತೆಂದರೆ ಕವುಸು, ಅಂದರೆ ಮೀನು ಮಾಂಸದ ವಾಸನೆ, ಮನೆಯಲ್ಲಿ ಸುಳಿಯುವಂತಿರಲಿಲ್ಲ. ತಿಂಗಳು ಹುಟ್ಟುವ ಮೊದಲೇ ಸೀಗಡಿ ಡಬ್ಬಿ, ಅದನ್ನು ಹುರಿಯುವ ಮಣ್ಣಿನ ಬಾಣಲೆ, ಸೌಟು ಎಲ್ಲವನ್ನೂ ಬುಟ್ಟಿಗೆ ತುಂಬಿ ಹೊಲದ ಪಂಪ್‌ಸೆಟ್ ಮನೆಗೆ ಸಾಗಿಸುತ್ತಿದ್ದೆವು. ಗೌರಿ ಗಣೇಶನ ಹಬ್ಬ ಕಳೆದ ಮೇಲೆಯೇ ಅವು ವಾಪಸ್ಸು. ಆ ವರ್ಷ ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದಳು. ಅಕ್ಕನ ಪಾಪು ಸುಖವಾಗಿ ಬರಲಿ, ಈ ಶ್ರಾವಣ ಮುಗಿಯುವವರೆಗೆ ಎಲ್ಲಿಯೂ, ಮನೆಯವರೊಬ್ಬರೂ ಕವುಸು ಮುಟ್ಟುವುದಿಲ್ಲ ಎಂದು.

ಈಗ ನೋಡಿ ಇಕ್ಕಟ್ಟು. ಯಾವ ಪಾಪುವಿಗಾಗಿ ಹರಕೆಯೋ, ಆ ಪಾಪುವೇ ಒಳಗಿನಿಂದ ಸೀಗಡಿ ಕೇಳುತ್ತಿತ್ತು.

ಅವ್ವ ದೇವರ ಮುಂದೆ ಹೋಗಿ ನಿಂತಳು. ತಿಮ್ಮಪ್ಪನ ಪಟದ ಬಲಗಡೆಗೆ ಹೂ ಬಿದ್ದರೆ ಅಪ್ಪಣೆ ಸಿಕ್ಕಿತೆಂದು ನಮ್ಮ ಕಡೆ ನಂಬಿಕೆ. "ಸ್ವಾಮಿ, ಕೊಟ್ರೆ ನಿನಗೆ ತಪ್ತೀನಿ, ಕೊಡ್ದಿದ್ರೆ ಹೆತ್ತ ಮಗಳಿಗೆ ತಪ್ತೀನಿ. ನೀನೇ ಹೇಳಪ್ಪಾ" ಎಂದು ಕೈಮುಗಿದಳು. ನಾವೆಲ್ಲ ಪಟದ ಮೇಲಿನ ಸೇವಂತಿಗೆಯನ್ನೇ ನೋಡಿದೆವು. ಅದು ಅಲ್ಲಾಡಲಿಲ್ಲ. ಒಳಗಿನ ಕೋಣೆಯಲ್ಲಿ ಅಕ್ಕ ಬರೀ ಹೊಟ್ಟೆಯಲ್ಲಿ ಓಕರಿಸುವುದು ಕೇಳಿಸಿತು.

ಅಪ್ಪನಿಗೆ ತಡೆಯಲಾಗಲಿಲ್ಲ. "ಹೂವಿಗೆ ಕಾಯ್ಬೇಡ ಕಣೇ. ಹರಕೆ ಆಗ್ಲೇ ಮುರಿದೋಗಿದೆ."

"ಯಾರು ಮುರಿದೋರು?"

"ನಾನೇ. ಪಂಪ್‌ಸೆಟ್ ಮನೇಲಿ. ಒಂದೆರಡು ಸಲ."

"ಕರೆಂಟ್ ಇಲ್ದಿದ್ರೂ ಮೋಟಾರ್ ನೋಡ್ಕೊಂಡ್ ಬರ್ತೀನಿ ಅಂತ ಹೋಗ್ತಿದ್ರಲ್ಲ, ಅದಕ್ಕಾ?"

ಅಪ್ಪ ತಲೆ ತಗ್ಗಿಸಿದ. ನಾನು ಮೂಲೆಗೆ ಸರಿದೆ. ಅವ್ವ ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡೆ. ಅವಳು ಎರಡೂ ಮಾಡಲಿಲ್ಲ. ಪಟದ ಕಡೆ ತಿರುಗಿ ಇನ್ನೊಮ್ಮೆ ಕೈಮುಗಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ನೀವು ತಿಂದಿದ್ದು ಅವನಿಗೆ ಗೊತ್ತಿಲ್ದೆ ಇರತ್ತಾ? ಗೊತ್ತಿದ್ದೂ ಇಲ್ಲೀವರೆಗೂ ಮಗೂನ ಕಾಯ್ದಿದಾನೆ. ಚಪಲಕ್ಕೆ ತಿಂದೋರನ್ನೇ ಸಹಿಸ್ಕೊಂಡೋನು ಹಸಿದಿರೋಳ ಮೇಲೆ ಸಿಟ್ಟಾಗ್ತಾನಾ? ಏಳಿ, ಗಾಡಿ ಕಟ್ಟಿ. ಡಬ್ಬಿ ಮನೆಗೆ ಬರೋದು ಬೇಡ, ನಾವೇ ಅಲ್ಲಿಗೆ ಹೋಗೋಣ."

ಎತ್ತಿನ ಗಾಡಿಗೆ ದಪ್ಪಗೆ ಹುಲ್ಲು ಹಾಸಿ ಅಕ್ಕನನ್ನು ಮಲಗಿಸಿದೆವು. ಬೆಳಿಗ್ಗೆಯಿಂದ ಮುಸುಕಿದ್ದ ಮೋಡ ಹನಿಯದೆ ಹಾಗೇ ನಿಂತಿತ್ತು. ಅದೊಂದು ತಿಮ್ಮಪ್ಪನ ದಯೆ. ಮೊಣಕಾಲೆತ್ತರದ ರಾಗಿ ಪೈರಿನ ನಡುವೆ ಗಾಡಿ ಕುಲುಕದಂತೆ ಅಪ್ಪ ಎತ್ತುಗಳ ಮುಂದೆ ನಡೆದೇ ಬಂದ. ಪಂಪ್‌ಸೆಟ್ ಮನೆಯೊಳಗೆ ಗ್ರೀಸು, ಒದ್ದೆ ಮಣ್ಣು ಸೇರಿದ ತಂಪು ವಾಸನೆ. ಅವ್ವ ಡಬ್ಬಿಯ ಮುಚ್ಚಳ ತೆಗೆದಳು. ತಳದಲ್ಲಿ ಒಂದು ಚಿಟಿಕೆಯೂ ಇರಲಿಲ್ಲ.

"ಒಂದೆರಡು ಸಲಾನಾ?" ಎಂದಳು.

ಅಪ್ಪ ತಟಕ್ಕನೆ ತಿರುಗಿ ಮೋಟಾರನ್ನು ಬಹಳ ಗಮನವಿಟ್ಟು ನೋಡತೊಡಗಿದ. ಗೋಣಿಚೀಲದ ಮೇಲೆ ಒರಗಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು ಅದು.

ಪುಣ್ಯಕ್ಕೆ ಸೂರಿಗೆ ಕಟ್ಟಿದ್ದ ಬಟ್ಟೆಗಂಟಿನಲ್ಲಿ ಒಣ ಸೀಗಡಿ ಉಳಿದಿತ್ತು. ನಾನು ಕೂತು ತಲೆ, ಬಾಲ ಚಿವುಟಿ, ಮರಳು ಉದುರುವ ಹಾಗೆ ಮೊರದಲ್ಲಿ ಕೇರಿದೆ. ಅವ್ವ ಮೂರು ಕಲ್ಲಿನ ಒಲೆ ಹೊತ್ತಿಸಿ ಸಣ್ಣ ಉರಿಯಲ್ಲಿ ಹುರಿದಳು. ಸೀಗಡಿ ಚಟಪಟ ಅಂದು ಕೆಂಪಗಾಗುತ್ತಿದ್ದ ಹಾಗೆ ಘಮ ಎದ್ದು ಮೂಗಿಗೆ ಅಡರಿತು. ಆ ವಾಸನೆಗೇ ಅಕ್ಕನಿಗೆ ಹೊಟ್ಟೆ ತೊಳಸಿದರೆ ಏನು ಗತಿ ಎಂದು ನಾನು ತಿರುಗಿ ನೋಡಿದೆ. ಅಕ್ಕ ಎಂಜಲು ನುಂಗುತ್ತಿದ್ದಳು! ಅವ್ವ ಒಣಮೆಣಸಿನಕಾಯಿ, ಕರಿಬೇವು, ಬೆಳ್ಳುಳ್ಳಿ ಬಿಸಿ ಮಾಡಿ, ಕೊಬ್ಬರಿ ಚೂರು, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು ಸೇರಿಸಿ ಕಲ್ಲಿನ ಮೇಲೆ ತರಿತರಿಯಾಗಿ ಜಜ್ಜಿದಳು. ಮನೆಯಿಂದ ತಂದಿದ್ದ ಅನ್ನಕ್ಕೆ ಕಲಸಿ, ಒಂದು ತುತ್ತು ಅಕ್ಕನ ಬಾಯಿಗಿಟ್ಟಳು.

ಅಕ್ಕ ಅಗಿದಳು. ನುಂಗಿದಳು. ಕಣ್ಣು ಮುಚ್ಚಿದಳು. ಅಪ್ಪ ಬಕೆಟ್ ಹಿಡಿದುಕೊಂಡು ಸಿದ್ಧವಾಗಿ ನಿಂತಿದ್ದ. ಅವ್ವನ ತುಟಿ ಗೋವಿಂದ ಗೋವಿಂದ ಎಂದು ಅಲುಗುತ್ತಿತ್ತು.

ಅಕ್ಕ ಕಣ್ಣು ಬಿಟ್ಟು, "ಉಪ್ಪು ಒಂಚೂರು ಕಮ್ಮಿ ಕಣವ್ವ" ಎಂದಳು.

ಅವ್ವ ಅಳುತ್ತ ನಕ್ಕಳೋ ನಗುತ್ತ ಅತ್ತಳೋ ನನಗೆ ಗೊತ್ತಾಗಲಿಲ್ಲ. ಅಕ್ಕ ತಟ್ಟೆ ಕಿತ್ತುಕೊಂಡು ತಾನೇ ತಿಂದಳು, ತಿಂದು ಗೋಣಿಚೀಲದ ಮೇಲೆಯೇ ನಿದ್ದೆ ಹೋದಳು. ಹೊತ್ತು ಇಳಿದು ಅವಳು ಎದ್ದಾಗಲೂ ತಿಂದದ್ದು ಹೊಟ್ಟೆಯಲ್ಲೇ ಇತ್ತು.

ಅಷ್ಟು ಹೊತ್ತಿಗೆ ಕರೆಂಟೂ ಬಂತು. ಕವುಸು ಹೋಗಲೆಂದು ಅಕ್ಕನನ್ನು ಬಿಟ್ಟು ನಮ್ಮನ್ನೆಲ್ಲ ಪಂಪಿನ ನೀರಿನ ಕೆಳಗೆ ನಿಲ್ಲಿಸಿ ತಲೆ ತೊಯ್ಯಿಸಿದ ಮೇಲೆಯೇ ಅವ್ವ ಮನೆಗೆ ಹೊರಟಳು. ಆದರೆ ಅಪ್ಪನನ್ನು ಅಷ್ಟಕ್ಕೇ ಬಿಡಲಿಲ್ಲ. ಶ್ರಾವಣ ಶನಿವಾರ ಹಣೆಗೆ ನಾಮ ಹಾಕಿಕೊಂಡು, ಚೊಂಬು ಹಿಡಿದು ಮನೆಮನೆಗೆ ಹೋಗಿ ಅಕ್ಕಿ ಬೇಡುವ ಪದ್ಧತಿ ಇತ್ತು. ನಾಚಿಕೆ ಸ್ವಭಾವದ ಅಪ್ಪ ಯಾವತ್ತೂ ಹೋದವನಲ್ಲ. ಅವತ್ತು ಅವನ ಹಣೆಯ ತುಂಬ ಅವ್ವ ನಾಮ ಎಳೆದಳು. ಮೊದಲ ಮನೆಯ ಬಾಗಿಲಲ್ಲಿ ಅಪ್ಪನ "ಗೋವಿಂದ" ಸೊಳ್ಳೆ ಗುಂಯ್‌ಗುಟ್ಟಿದ ಹಾಗಿತ್ತು. "ಜೋರಾಗಿ! ಮೋಟಾರ್ ಶಬ್ದಕ್ಕಿಂತ ಜೋರಾಗಿ!" ಎಂದು ಅವ್ವ ಹಿಂದಿನಿಂದ ಕೂಗಿದಳು.

ನಾನು ಹಿತ್ತಲಿಗೆ ಹೋದೆ. ಹುಣಸೆಹಣ್ಣು ಒಣಗಿ ದೀಪಕ್ಕೆ ಅಂಟಿತ್ತು. ಮೊದಲಿನಿಂದ ತಿಕ್ಕಿದೆ. ದೀಪ ಹಚ್ಚುವ ಹೊತ್ತಿಗೆ ಎರಡೂ ಒಂದೇ ಸಮ ಹೊಳೆದವು.

ಮೊಮ್ಮಕ್ಕಳೇ, ಅಕ್ಕನ ಆ ಪಾಪುವೇ ನಿಮ್ಮ ನಂದಿನಿ ಲೇಔಟಿನ ದೊಡ್ಡಪ್ಪ. ಮನೆಗೆ ಬಂದ ಕೂಡಲೇ ಸೀಗಡಿ ಡಬ್ಬಿ ಎಲ್ಲಿ ಎಂದು ಅವನು ಯಾಕೆ ಹುಡುಕುತ್ತಾನೆ ಎಂದು ಈಗ ತಿಳಿಯಿತಲ್ಲ? ನಮ್ಮ ರಾಗಿ ಹೊಲ ಇವತ್ತು ಅನ್ನಪೂರ್ಣೇಶ್ವರಿ ನಗರದ ರಸ್ತೆಗಳಾಗಿದೆ. ನನ್ನ ಲೆಕ್ಕದಲ್ಲಿ, ನೀವು ಸೈಕಲ್ ನಿಲ್ಲಿಸುವ ಜಾಗದಲ್ಲೇ ಆ ಪಂಪ್‌ಸೆಟ್ ಮನೆ ಇತ್ತು. ನೀವು ಫೋನ್ ಒತ್ತಿದರೆ, ತಲೆ ಬಾಲ ತೆಗೆದ ಸೀಗಡಿ ಅನ್ನ ಬೇಯುವಷ್ಟರಲ್ಲಿ ಬಾಗಿಲಿಗೆ ಬರುತ್ತದೆ. ಡಾಕ್ಟರೂ ಪಕ್ಕದ ರಸ್ತೆಯಲ್ಲೇ ಇದ್ದಾರೆ. ಯಾರೂ ಗಾಡಿ ಕಟ್ಟಬೇಕಾಗಿಲ್ಲ. ಒಳ್ಳೆಯದೇ ಆಯಿತು, ನನಗೇನೂ ಬೇಸರವಿಲ್ಲ.

ಶ್ರಾವಣದಲ್ಲಿ ಡಬ್ಬಿ ಮಾತ್ರ ಈಗಲೂ ಮನೆ ಬಿಡುತ್ತದೆ. ಹೊಲವಿಲ್ಲ, ಅದಕ್ಕೆ ಮಹಡಿಯ ಮೇಲಿನ ನೀರಿನ ಟ್ಯಾಂಕಿನ ಕೆಳಗೆ ಇಡುತ್ತೇನೆ. ಟ್ಯಾಂಕ್ ತುಂಬಿದರೆ ಕೆಳಗೆ ತಾನಾಗಿಯೇ ಗಂಟೆ ಹೊಡೆದುಕೊಳ್ಳುತ್ತದೆ. ಆದರೂ ನಿಮ್ಮಪ್ಪ ದಿನಾ ಸಂಜೆ, "ಅಮ್ಮಾ, ನೀರೆಷ್ಟಿದೆ ನೋಡ್ಕೊಂಡ್ ಬರ್ತೀನಿ" ಎಂದು ಮೇಲೆ ಹೋಗುತ್ತಾನೆ. ನಾನು ಏನೂ ಕೇಳುವುದಿಲ್ಲ. ನಾಮದ ಉಂಡೆ ಮಾತ್ರ ತೆಗೆದಿಟ್ಟಿದ್ದೇನೆ.

ನಾಳೆ ಶನಿವಾರ. ಹುಣಸೆಹಣ್ಣು ನೆನೆದಿದೆ, ದೀಪ ತಿಕ್ಕಬೇಕು.