ಒಂದು ‘ಲೇ’

ಅವಳ ಹೊಲಿಗೆ ಯಂತ್ರ ಹಸಿರಾಗಿತ್ತೋ ಕಪ್ಪಾಗಿತ್ತೋ, ನನ್ನ ನೆನಪನ್ನು ನಂಬಬೇಡಿ. ಆದರೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಅವಳು ನನ್ನನ್ನು ಕರೆಯುತ್ತಿದ್ದ ರೀತಿ ಸುಳ್ಳಲ್ಲ: "ಬಾರಲೇ, ಕುಂದ್ರಲೇ." ದಾರ ಕಚ್ಚಿಕೊಂಡೇ ಅನ್ನುತ್ತಿದ್ದಳು. ಇಷ್ಟಪಟ್ಟವರಿಗಷ್ಟೇ ಆ ‘ಲೇ’.

ಮಧ್ಯಾಹ್ನ ಮೊಬೈಲಿನಲ್ಲಿ ಲೂಡೋ ಆಡುತ್ತಿದ್ದಳು. ಅಲ್ಲಿ ಮೈಸೂರಿನವಳೊಬ್ಬಳ ಪರಿಚಯವಾಯಿತು. ತಿಂಗಳುಗಟ್ಟಲೆ ಇಬ್ಬರೂ ಬರೀ ನಗುವ ಇಮೋಜಿ ಗೊಂಬೆಗಳನ್ನು ಕಳಿಸಿಕೊಂಡರು. "ನನ್ನ ಮೈಸೂರು ಗೆಳತಿ" ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದಳು. ಒಂದು ದಿನ ಮೊದಲ ಸಲ ಮೈಕ್ ಹಾಕಿ ಮಾತಿಗಿಳಿದರು. ನಾನು ಪಕ್ಕದಲ್ಲೇ ಇದ್ದೆ. ಗೆಳತಿ ಇವಳ ಕಾಯಿ ಹೊಡೆದಳು.

"ಲೇ ಕಳ್ಳಿ, ನನ್ನ ಕಾಯಿ ಹೊಡದ್ಯಲ್ಲಲೇ!" ಇವಳು ಖುಷಿಯಿಂದ ಕೂಗಿದಳು.

"ಯಾರಿಗ್ರೀ ಲೇ ಅಂತೀರಾ? ಮರ್ಯಾದೆ ಕೊಟ್ಟು ಮಾತಾಡಿ" ಎಂದಿತು ಆ ಕಡೆಯ ದನಿ. ಆಟ ನಿಂತಿತು. ಮೈಸೂರಿನವಳು ಇವಳನ್ನು ಬ್ಲಾಕ್ ಮಾಡಿ, ದೂರನ್ನೂ ಕೊಟ್ಟಿದ್ದಳು. ಅಸಭ್ಯ ಭಾಷೆ ಎಂದು ಆ್ಯಪ್ ಇವಳನ್ನು ಹೊರಹಾಕಿತು.

"ನಾ ಏನ್ ಬೈದೆನಲೇ?" ಎಂದು ನನ್ನನ್ನು ಕೇಳಿದಳು.

ಅಸಭ್ಯವಂತೆ! ನಗುವ ಗೊಂಬೆ ಸಭ್ಯ, ನಮ್ಮ ನಾಲಿಗೆ ಅಸಭ್ಯ! ಈಗಲೂ ಮೈ ಉರಿಯುತ್ತದೆ.

ಮರುದಿನ ಹೋದೆ. ದಾರ ಕಚ್ಚಿಕೊಂಡೇ ತಲೆಯೆತ್ತಿದಳು.

"ಬರ್ರಿ, ಕುಂದರ್ರಿ" ಎಂದಳು, ನನಗೆ.