ಗಡಿಯ ಮೇಲಿನ ದರಗು

ಒಣಗಿ ಉದುರಿದ ಎಲೆಗಾಗಿ ಇಬ್ಬರು ಹೆಂಗಸರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು ಎಂದರೆ ನನ್ನ ತವರಿನವರು ಈಗಲೂ ನಂಬುವುದಿಲ್ಲ. ತವರು ಶಿಕಾರಿಪುರದ ಕಡೆ, ಉಡುತಡಿ. ಅಲ್ಲಿ ಎಲೆ ಉದುರಿದರೆ ಗಾಳಿ ಹೊತ್ತುಕೊಂಡು ಹೋಗುತ್ತದೆ, ಯಾರೂ ಅದರ ಹಿಂದೆ ಓಡುವುದಿಲ್ಲ. ಸೊರಬದ ಕಡೆ, ಹೊಸಬಾಳೆಯ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆಯೇ ಉದುರಿದ ಎಲೆಗೂ ವಾರಸುದಾರರಿರುತ್ತಾರೆ ಎಂದು ನನಗೆ ಗೊತ್ತಾದದ್ದು. ಜಗಳ ಆಡಿದ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬಳು ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ.

ಒಣ ಎಲೆಗೆ ಇಲ್ಲಿ ದರಗು ಅನ್ನುತ್ತಾರೆ. ಪ್ರತಿ ಮನೆಗೂ ಗುಡ್ಡದ ಮೇಲೆ ಒಂದೊಂದು ತುಂಡು ಸೊಪ್ಪಿನ ಬೆಟ್ಟ ಇದೆ. ಚಳಿ ಮುಗಿಯುವಾಗಿನಿಂದ ಬೇಸಿಗೆಯವರೆಗೂ ಹೆಂಗಸರು ಅಲ್ಲಿ ದರಗು ಗುಡಿಸಿ ಬುಟ್ಟಿಗೆ ಅಮುಕಿ ತುಂಬಿ ತರುತ್ತಾರೆ. ಅದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗುತ್ತದೆ, ಆಮೇಲೆ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಬೆಟ್ಟ ದಾಟಿದರೆ ಕಾನು. ಕಾನೆಂದರೆ ಹಗಲಲ್ಲೂ ಮಬ್ಬಾಗಿರುವ ದಟ್ಟ ಕಾಡು. ಅದರೊಳಕ್ಕೆ ಕತ್ತಿ ಒಯ್ಯಬಾರದು ಎಂಬುದು ಊರಿನ ರೂಢಿ. ಅಡುಗೆಗೆ ಹುಳಿಯಾಗುವ ಉದುರಿದ ಉಪ್ಪಾಗೆ ಹಣ್ಣು, ಮುರಿದು ಬಿದ್ದ ಕಟ್ಟಿಗೆ ತರಬಹುದು, ಕಡಿಯುವಂತಿಲ್ಲ. ಕಾನಿನ ನಡುವೆ ಒಂದು ಒರತೆ ಇದೆ. ಅಲ್ಲಿಂದ ಇಳಿಜಾರಿಗೆ ಕರಿ ಪೈಪು ಎಳೆದು ನೀರು ಮನೆಯ ಹಿಂದಿನ ತೊಟ್ಟಿಗೆ ತಂದಿದ್ದಾರೆ. ಮೋಟಾರಿಲ್ಲ, ಕರೆಂಟು ಹೋದರೆ ಚಿಂತೆಯಿಲ್ಲ.

ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ತೊಟ್ಟಿ ತುಂಬಿ ಹರಿಯುವುದನ್ನು ನೋಡಿ ನನಗೆ ಗಾಬರಿಯಾಯಿತು. ನಲ್ಲಿ ನಿಲ್ಲಿಸಲು ಓಡಿದೆ, ನಲ್ಲಿಯೇ ಇರಲಿಲ್ಲ. ನಮ್ಮ ಅತ್ತೆ ಬಿದ್ದು ಬಿದ್ದು ನಕ್ಕರು. ತವರಿನಲ್ಲಿ ಒಂದು ಕೊಡ ನೀರು ಚೆಲ್ಲಿದರೆ ನನ್ನ ಅವ್ವ ಸಂಜೆಯವರೆಗೂ ಬೈಯುತ್ತಿದ್ದಳು. ಅಲ್ಲಿ ಒಂದು ಬೋರು ಬತ್ತಿದರೆ ಇನ್ನೊಂದನ್ನು ಇನ್ನೂ ಆಳಕ್ಕೆ ಕೊರೆಸುವುದೇ ಬೇಸಾಯವಾಗಿತ್ತು. ಇಲ್ಲಿ ಗುಡ್ಡವೇ ನೀರು ಕಾಯ್ದಿಟ್ಟು ಬೇಸಿಗೆಯಲ್ಲಿ ಕೊಡುತ್ತಿತ್ತು. ಆ ಪೈಪಿನ ಸದ್ದು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ.

ಅತ್ತೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಮನೆ ಎರಡಾಯಿತು, ಪೈಪು ಎರಡಾಯಿತು, ಬೆಟ್ಟವೂ ಎರಡಾಯಿತು. ರಸ್ತೆಯ ಕಡೆಯ ಅರ್ಧ ನಮಗೆ, ಕಾನಿಗೆ ತಾಗಿದ ಅರ್ಧ ಅವರಿಗೆ. ಅವರವರ ಪೈಪು ಅವರವರ ಬೆಟ್ಟದ ಮೇಲೆ ಹಾದು ಮನೆಗೆ ಇಳಿಯುತ್ತಿತ್ತು. ನಡುವೆ ಸಾಲಾಗಿ ಮತ್ತಿ ಮರಗಳಿದ್ದವು, ಅದೇ ಗಡಿ. ಮರ ಗಡಿಯಲ್ಲಿ ನಿಂತಿತು ಸರಿ, ಎಲೆ ನಿಲ್ಲಬೇಕಲ್ಲ. ನಮ್ಮ ಮತ್ತಿಯ ಎಲೆ ಅವರ ಕಡೆ ಬೀಳುತ್ತಿತ್ತು, ಅವರದು ನಮ್ಮ ಕಡೆ.

ಬೇರೆ ಮನೆಯವರು ದಾರಿಗೆ ಹತ್ತಿರದ ಜಾಗದಿಂದ ಗುಡಿಸಲು ಶುರು ಮಾಡಿದರೆ, ನಾವಿಬ್ಬರೂ ಬುಟ್ಟಿ ಹೊತ್ತು ನೇರ ಗಡಿಗೇ ಹತ್ತುತ್ತಿದ್ದೆವು. ಅವಳು ಬೆಳಿಗ್ಗೆ ಬಂದು ಗುಡಿಸಿದರೆ ನಾನು ಮಧ್ಯಾಹ್ನ ಹೋಗಿ ಮತ್ತೆ ಗುಡಿಸುತ್ತಿದ್ದೆ. ಗುಡ್ಡದ ಬುಡದಿಂದ ನೆತ್ತಿಯವರೆಗೆ ಆ ಗಡಿ ಸಗಣಿ ಸಾರಿಸಿದ ಅಂಗಳದ ಹಾಗೆ ಬೋಳಾಗಿರುತ್ತಿತ್ತು. ಬೆಟ್ಟದ ಒಳಗಡೆ ಮಾತ್ರ ದರಗು ಹಾಗೇ ಬಿದ್ದಿರುತ್ತಿತ್ತು. ಗಂಡಸರು ನಮ್ಮನ್ನು ನೋಡಿ ನಗುತ್ತಿದ್ದರು. ಒಂದು ವರ್ಷ ಅವಳು ಮತ್ತಿ ಸಾಲು ದಾಟಿ ನಮ್ಮ ಕಡೆಯೇ ಗುಡಿಸಿಕೊಂಡು ಹೋಗಿದ್ದಳು. ನಾನು ಎರಡು ಮನೆಗಳ ನಡುವಿನ ಬೇಲಿಯ ಹತ್ತಿರ ನಿಂತು, ಅವಳಿಗೆ ಕೇಳಲಿ ಎಂದೇ, ದರಗುಗಳ್ಳಿ ಅಂದೆ. ಅವಳಿಗೆ ಕೇಳಿಸಿತು. ಅವತ್ತಿನಿಂದ ಮಾತು ನಿಂತಿತು.

ಹೋದ ವರ್ಷದ ಹಿಂದಿನ ವರ್ಷದ ಬೇಸಿಗೆ ಕೆಟ್ಟದ್ದು. ಮಳೆ ಅರ್ಧಕ್ಕೇ ಕೈ ಕೊಟ್ಟಿತ್ತು. ತವರಿನಲ್ಲಿ ಬೋರು ಬತ್ತಿ, ಕುಡಿಯುವ ನೀರಿಗೂ ಟ್ಯಾಂಕರಿಗೆ ಕಾಯುವಂತಾಯಿತು. ಅವ್ವನನ್ನು ನನ್ನ ತಮ್ಮ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು ಹೋದ. ಅವ್ವ ಬೆಳಿಗ್ಗೆ ಎದ್ದವಳೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಬೀಳುವ ನೀರಿಗೆ ಕೈಯೊಡ್ಡಿ, "ಇದು ನಿಲ್ಲಂಗಿಲ್ಲೇನವ್ವ?" ಎಂದು ದಿನಾ ಕೇಳುತ್ತಿದ್ದಳು. ಕಾನು ಇರೋತನಕ ನಿಲ್ಲೋದಿಲ್ಲ ಎಂದು ನಾನೂ ದಿನಾ ಹೇಳುತ್ತಿದ್ದೆ. ಆದರೆ ಧಾರೆ ತೆಳ್ಳಗಾಗಿತ್ತು, ಅದು ಇಬ್ಬರಿಗೂ ಕಾಣುತ್ತಿತ್ತು.

ಊರಿನಲ್ಲಿ ಅಷ್ಟರಲ್ಲಿ ಬಹಳ ಮಂದಿ ದರಗು ಗುಡಿಸುವುದನ್ನು ಬಿಟ್ಟಿದ್ದರು. ಕೋಳಿ ಗೊಬ್ಬರ ಲಾರಿಯಲ್ಲಿ ಮನೆ ಬಾಗಿಲಿಗೇ ಬರುವಾಗ ಗುಡ್ಡ ಹತ್ತಿ ಸೊಂಟ ಮುರಿದುಕೊಳ್ಳುವವರು ಯಾರು? ಬೆಟ್ಟಗಳಲ್ಲಿ ಕಾಲಿಟ್ಟರೆ ಹೂತುಹೋಗುವಷ್ಟು ದರಗು ಸೇರಿತ್ತು. ಬೇರೆ ವರ್ಷವಾಗಿದ್ದರೆ ಕಾನಿಗೆ ಬೆಂಕಿ ತಾಗುವ ಭಯವಿರಲಿಲ್ಲ, ಅದರ ನೆಲವೇ ತೇವ. ಆ ವರ್ಷ ಕಾನಿನ ಅಂಚಿನ ಎಲೆಯೂ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಒಂದು ಮಧ್ಯಾಹ್ನ ರಸ್ತೆಯ ಕಡೆಯಿಂದ ಹೊಗೆ ಎದ್ದಿತು. ಬೆಂಕಿ ಹೇಗೆ ಬಿತ್ತೋ ಯಾರಿಗೂ ಗೊತ್ತಿಲ್ಲ. ನಾವು ಹೊರಗೆ ಬಂದು ನೋಡುವಾಗಲೇ ಅದು ನಮ್ಮ ಬೆಟ್ಟಕ್ಕೆ ಹತ್ತಿತ್ತು. ನನ್ನ ಗಂಡ ಅರಣ್ಯ ಇಲಾಖೆಗೆ ಫೋನು ಮಾಡುತ್ತಲೇ ಓಡಿದರು. ಊರವರು ಹಸಿ ಸೊಪ್ಪಿನ ಗೆಲ್ಲು ಮುರಿದುಕೊಂಡು ಹಿಂದೆ ಓಡಿದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ನಮ್ಮ ಬೆಟ್ಟ ದಾಟಿದರೆ ವಾರಗಿತ್ತಿಯ ಬೆಟ್ಟ, ಅದನ್ನು ದಾಟಿದರೆ ಕಾನು. ಕಾನು ಉರಿದರೆ ಒರತೆಯನ್ನು ಕಾಯುವವರಿಲ್ಲ, ನಮ್ಮ ಊರೂ ನನ್ನ ತವರಿನ ಹಾಗೇ ಆಗುತ್ತದೆ.

ಏದುಸಿರು ಬಿಡುತ್ತ ಗಡಿಗೆ ಹತ್ತಿದರೆ ಅವಳು ನನಗಿಂತ ಮುಂಚೆಯೇ ಅಲ್ಲಿದ್ದಳು. ಕೈಯಲ್ಲಿ ಗೆಲ್ಲು ಇರಲಿಲ್ಲ, ಪೊರಕೆ ಇತ್ತು. ನಾವು ಹಿಂದಿನ ವಾರವಷ್ಟೇ ಪೈಪೋಟಿಯಲ್ಲಿ ಗುಡಿಸಿದ್ದ ನೆಲದ ಮೇಲೆ ಆಮೇಲೆ ಬಿದ್ದಿದ್ದ ಎಲೆಗಳನ್ನು ಅವಳು ಬಗ್ಗಿ ಬಗ್ಗಿ ಗುಡಿಸುತ್ತಿದ್ದಳು. ಬೆಂಕಿ ಚಟಪಟ ಎನ್ನುತ್ತ ಮೇಲೇರುತ್ತಿತ್ತು. ನನ್ನ ಕಡೆ ತಿರುಗಿಯೂ ನೋಡದೆ ಅಂದಳು:

"ಆ ತುದಿಯಿಂದ ನೀನು ಗುಡಿಸ್ಕಂಡು ಬಾ."

ಎಷ್ಟೋ ವರ್ಷಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು. ನಾನು ಹಿಡಿದಿದ್ದ ಗೆಲ್ಲನ್ನೇ ಪೊರಕೆ ಮಾಡಿಕೊಂಡು ಗುಡಿಸಿದೆ. ಅವಳು ಕೆಳಗಿನಿಂದ, ನಾನು ಮೇಲಿನಿಂದ. ಹೊಗೆಯಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಪೊರಕೆಯ ಸದ್ದು ಕೇಳುತ್ತಿತ್ತು, ಅಷ್ಟೇ. ಬೆಂಕಿ ಮತ್ತಿ ಸಾಲಿನ ಹತ್ತಿರ ಬಂತು. ಬೋಳು ನೆಲ ಸಿಕ್ಕಿತು. ಅಲ್ಲೇ ಅತ್ತಿತ್ತ ಆಡಿತು, ತಿನ್ನಲು ಏನೂ ಸಿಗದೆ ಕುಗ್ಗಿತು. ಹಾರಿದ ಕಿಡಿಗಳನ್ನು ಗಂಡಸರು ಬಡಿದು ಆರಿಸಿದರು. ಇಲಾಖೆಯವರೂ ಬಂದು ಸೇರಿಕೊಂಡರು. ಹೊತ್ತು ಇಳಿಯುವಷ್ಟರಲ್ಲಿ ಗಡಿಯ ಈಚೆ ಎಲ್ಲ ಕಪ್ಪು, ಆಚೆ ಎಲ್ಲ ಇದ್ದ ಹಾಗೇ ಇತ್ತು.

ನಮ್ಮ ಬೆಟ್ಟ ಪೂರ್ತಿ ಸುಟ್ಟಿತ್ತು, ಆದರೂ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಅಲ್ಲೇ ಕುಸಿದು ಕೂತೆ, ಅಳುವೂ ನಗುವೂ ಒಟ್ಟಿಗೇ ಬಂದವು. ವಾರಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದಲ್ಲಿ ಕೂತಳು.

"ಹೌದು ಮಾರಾಯ್ತಿ, ನಿಮ್ಮ ಕಡೆಗೂ ಸ್ವಲ್ಪ ದಾಟಿ ಗುಡಿಸ್ತಿದ್ದೆ. ನೀ ಹೇಳಿದ್ದು ಸುಳ್ಳಲ್ಲ," ಅಂದಳು.

ಇನ್ನೂ ಸ್ವಲ್ಪ ಹೆಚ್ಚಿಗೆ ಕದ್ದಿದ್ದರೆ ನಮ್ಮ ಬೆಟ್ಟವೂ ಅಷ್ಟು ಉಳಿಯುತ್ತಿತ್ತಲ್ಲ ಅಕ್ಕ ಎಂದು ನಾನು ಅಂದೆ. ಅವಳು ಕೆಮ್ಮುತ್ತ ನಕ್ಕಳು. ಇಬ್ಬರೂ ಎದ್ದು ಕಾನಿನೊಳಗೆ ಹೋಗಿ ಒರತೆಯನ್ನು ನೋಡಿ ಬಂದೆವು. ತೆಳ್ಳಗಾದರೂ ನೀರು ಬರುತ್ತಿತ್ತು. ಬೊಗಸೆಯಲ್ಲಿ ಕುಡಿದು, ಮುಖ ತೊಳೆದುಕೊಂಡು ಗುಡ್ಡ ಇಳಿದೆವು.

ಮನೆಗೆ ಬಂದರೆ ಅವ್ವ ತೊಟ್ಟಿಯ ಕಟ್ಟೆಯ ಮೇಲೆಯೇ ಇದ್ದಳು. ನನ್ನನ್ನು ಕಂಡವಳೇ ಕೇಳಿದಳು:

"ನೀರು ನಿಂತೋತವ್ವ. ಕಾನು ಸುಟ್ಟೋತೇನು?"

ಆಗಲೇ ನನಗೆ ಹೊಳೆದದ್ದು, ನಮ್ಮ ಪೈಪು ಹಾದು ಬರುವುದು ಸುಟ್ಟ ಬೆಟ್ಟದ ಮೇಲೆ, ಅದು ಕರಗಿ ಹೋಗಿದೆ ಎಂದು. ಕಾನಿಗೆ ಏನೂ ಆಗಿಲ್ಲ, ಪೈಪು ಸುಟ್ಟಿದೆ, ಅಷ್ಟೇ ಎಂದು ಎಷ್ಟು ಹೇಳಿದರೂ ಅವ್ವ ನಂಬಲಿಲ್ಲ. ಬತ್ತಿದ ಬೋರುಗಳ ಮುಂದೆ ಇಂಥ ಸಮಾಧಾನದ ಮಾತುಗಳನ್ನು ಅವಳು ಬೇಕಾದಷ್ಟು ಕೇಳಿದ್ದಳು. ಒಣಗುತ್ತಿದ್ದ ಪೈಪಿನ ಬಾಯಿಗೆ ಹಿಡಿದ ಕೈಯನ್ನು ಅವಳು ತೆಗೆಯಲೇ ಇಲ್ಲ.

ಬೇಲಿಯಾಚೆ ವಾರಗಿತ್ತಿಗೆ ಇದೆಲ್ಲ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ, ಅವಳ ನೀರಿನ ಪೈಪಿಗೆ ಜೋಡಿಸಿದ ಇನ್ನೊಂದು ಪೈಪು ಅವಳ ಹಿತ್ತಲಿನಿಂದ ಬೇಲಿಯ ಮೇಲೆ ಹಾರಿ ನಮ್ಮ ಹಿತ್ತಲಿಗೆ ಬಿತ್ತು. ಹಿಂದೆಯೇ ಅವಳು ಬೇಲಿ ಸರಿಸಿಕೊಂಡು ಬಂದಳು, ಒರತೆಯಲ್ಲಿ ತೊಳೆದರೂ ಮುಖದ ಮಸಿ ಪೂರ್ತಿ ಹೋಗಿರಲಿಲ್ಲ. ಪೈಪಿನ ತುದಿಯನ್ನು ಎತ್ತಿ ಅವ್ವನ ಕೈಯಲ್ಲೇ ಇಟ್ಟಳು.

ಮೊದಲು ಗಾಳಿ ಬಂತು, ಆಮೇಲೆ ನೀರು. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಂಡಳು.

"ಬಂತು," ಅಂದಳು.

ಆ ವರ್ಷ ನಮ್ಮ ಕೊಟ್ಟಿಗೆಗೆ ದರಗು ವಾರಗಿತ್ತಿಯ ಬೆಟ್ಟದಿಂದಲೇ ಬಂತು. ಮಳೆ ಬಿದ್ದ ಮೇಲೆ ಸುಟ್ಟ ಮತ್ತಿಗಳು ಬುಡದಿಂದ ಚಿಗುರಿದವು. ಈಗ ಊರವರೆಲ್ಲ ಬೇಸಿಗೆಗೆ ಮುಂಚೆ ತಮ್ಮ ತಮ್ಮ ಗಡಿ ಗುಡಿಸುತ್ತಾರೆ, ಕೋಳಿ ಗೊಬ್ಬರದವರು ಕೂಡ. ನಮ್ಮ ಗಡಿಯನ್ನು ನಾವಿಬ್ಬರೇ ಗುಡಿಸುತ್ತೇವೆ, ಮತ್ತಿಯ ಎಲೆ ಯಾರದೆಂದು ಈಗಲೂ ಕಚ್ಚಾಡುತ್ತೇವೆ. ಅವ್ವ ಮಳೆಗಾಲಕ್ಕೆ ಉಡುತಡಿಗೆ ಹೋಗಿ, ಬೇಸಿಗೆ ಬಂದರೆ ಮತ್ತೆ ಬರುತ್ತಾಳೆ. ನಮ್ಮ ಬೆಟ್ಟದ ಮೇಲೆ ಹೊಸ ಪೈಪು ಎಳೆದು ಬಹಳ ದಿನವಾಯಿತು. ಆದರೆ ಬೇಲಿ ದಾಟಿ ಬಂದ ಆ ಪೈಪನ್ನು ನಾನೂ ತೆಗೆದಿಲ್ಲ, ವಾರಗಿತ್ತಿಯೂ ಕೇಳಿಲ್ಲ.