ಮುಯ್ಯಿಗೆ ಒತ್ತಿದ ಜಾಹೀರಾತು

ಮುಳಬಾಗಿಲಿನ ಆ ಮನುಷ್ಯನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಒಂದು ಚೂರು ಇಳಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ, ಈ ಮುದುಕಿ ಅವನನ್ನು ಕ್ಷಮಿಸಿಬಿಟ್ಟಳು ಅಂತ ಯಾರಾದರೂ ಅಂದುಕೊಂಡಾರು. ಕ್ಷಮಿಸಿಲ್ಲ. ಆದರೆ ನನ್ನ ಮೊಮ್ಮಗಳ ವೆಬ್‌ಸೈಟಿನಲ್ಲಿ ಮತ್ತೆ ಜಾಹೀರಾತು ಬಂದಿದೆ. ಆ ಸಂತೋಷ ಹೊಟ್ಟೆಯೊಳಗೆ ಹಿಡಿಸದೆ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ತಿದ್ದುವಾಗ ಅವಳ ಬಾಯಿ ಸುಮ್ಮನಿರುವುದಿಲ್ಲ, ಅದು ಬೇರೆ ಮಾತು.

ನಮ್ಮದು ಸುಗಟೂರು. ಮನೆಯ ಹಿಂದೆ ಉದ್ದನೆಯ ಹೆಂಚಿನ ಕೋಣೆ ಇದೆ, ಅದೇ ಹುಳುವಿನ ಮನೆ. ನನ್ನ ಸೊಂಟ ಗಟ್ಟಿ ಇರುವವರೆಗೂ ಅಲ್ಲಿ ರೇಷ್ಮೆ ಹುಳು ಸಾಕಿದೆ. ಈಗ ತಟ್ಟೆಗಳು ಗೋಡೆಗೆ ಒರಗಿವೆ, ಅವುಗಳ ಜಾಗದಲ್ಲಿ ಮೊಮ್ಮಗಳ ಮೇಜು, ಕಂಪ್ಯೂಟರು. ನಾನು ಮಾತ್ರ ಇವತ್ತಿಗೂ ಕಾಲು ತೊಳೆದುಕೊಂಡೇ ಒಳಗೆ ಹೋಗುತ್ತೇನೆ. ಹೊರಗಿನ ಕಸ ಒಳಗೆ ಬಂದರೆ ಹುಳುವಿಗೆ ರೋಗ ಬರುತ್ತದೆ ಅನ್ನುವ ಅಭ್ಯಾಸ.

ಮೊದಲು ಅವಳು ಮಾಲೂರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ದಿನವಿಡೀ ನಿಂತುಕೊಂಡು ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ. ಕತ್ತಲೆ ಹರಿಯುವ ಮುಂಚೆ ಬಸ್ಸು, ಕೋಲಾರದಲ್ಲಿ ಇನ್ನೊಂದು ಬಸ್ಸು, ಬರುವಾಗ ಊದಿಕೊಂಡ ಕಾಲು. ದಾರಿಯಲ್ಲಿ ಬೇಜಾರು ಕಳೆಯಲು ಹುಳು, ಹಸು ಸಾಕುವ ವಿಷಯವಾಗಿ ನಾನು ಹೇಳಿದ್ದನ್ನೆಲ್ಲ ಫೋನಿನಲ್ಲಿ ಬರೆದಳು. ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ, ಎಷ್ಟನೇ ಜ್ವರಕ್ಕೆ ಎಷ್ಟು ಎಲೆ, ಗೂಡು ಕಟ್ಟಲು ಹಣ್ಣಾದ ಹುಳುವಿನ ಬಣ್ಣ ಹೇಗಿರುತ್ತದೆ, ಹಸು ಮೇವು ಬಿಟ್ಟರೆ ಏನು ನೋಡಬೇಕು, ಹೀಗೆ. ಅದೇ ಬೆಳೆದು ವೆಬ್‌ಸೈಟ್ ಆಯಿತು. ಶ್ರೀನಿವಾಸಪುರದ ಮಾವಿನವರು ಕೂಡ ಹೂವಿಗೆ ಹುಳು ಬಿದ್ದಿದೆ, ಅದರ ಬಗ್ಗೆಯೂ ಬರೆಯಮ್ಮ ಎಂದು ಕೇಳತೊಡಗಿದರು. ಓದುವವರು ಹೆಚ್ಚಿದ ಮೇಲೆ ಪುಟಗಳ ನಡುವೆ ಜಾಹೀರಾತು ಬಂತು. ಅವಳು ಮಾಲೂರಿನ ಕೆಲಸ ಬಿಟ್ಟಳು. ಅವತ್ತು ನಾನು ಪಾಯಸ ಮಾಡಿ ಬೀದಿಗೆಲ್ಲ ಕೊಟ್ಟಿದ್ದೆ.

"ಓದೋರು ನಿಂಗೆ ಏನು ಕೊಡ್ತಾರೆ?" ಅಂತ ಕೇಳಿದೆ.

"ಓದೋರು ಏನೂ ಕೊಡಲ್ಲ ಅಜ್ಜಿ. ಮಧ್ಯದಲ್ಲಿ ಜಾಹೀರಾತು ಕಾಣುತ್ತಲ್ಲ, ಅದನ್ನ ಯಾರಾದ್ರೂ ಒತ್ತಿ ನೋಡಿದ್ರೆ ಜಾಹೀರಾತಿನ ಕಂಪನಿಯೋರು ಕೊಡ್ತಾರೆ."

"ಯಾರೂ ಒತ್ತದಿದ್ರೆ?"

"ಮತ್ತೆ ಮಾಲೂರಿಗೆ," ಅಂದಳು ನಗುತ್ತಾ.

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಮಾತು ತಲೆಯೊಳಗೆ ಕೂತುಬಿಟ್ಟಿತು.

ಸ್ವಲ್ಪ ದಿನಕ್ಕೆ ಮುಳಬಾಗಿಲಿನವನು ಶುರುಮಾಡಿದ. ಇವಳು ಬರೆದದ್ದನ್ನು ಅಕ್ಷರ ಬಿಡದೆ ಎತ್ತಿಕೊಂಡು ತನ್ನ ವೆಬ್‌ಸೈಟಿನಲ್ಲಿ ಹಾಕಿಕೊಳ್ಳುವುದು, ಅದರ ನಡುವೆ ತಾನೂ ಜಾಹೀರಾತು ಇಟ್ಟುಕೊಳ್ಳುವುದು. ಹುಡುಕಿದವರಿಗೆ ಇವಳ ಪುಟಕ್ಕಿಂತ ಮೊದಲು ಅವನದೇ ಸಿಗುತ್ತಿತ್ತು. ಕೇಳಿದರೆ, ನಾನೇ ಬರೆದಿದ್ದು ಅಂತ ಉತ್ತರ ಕಳಿಸಿದ. ನನ್ನ ಅನುಭವ, ನನ್ನ ಬಾಯಿ ಮಾತು, ಅವನು ಬರೆದಿದ್ದಂತೆ!

ಮೊಮ್ಮಗಳು ಒಂದು ಉಪಾಯ ಮಾಡಿದಳು. ಹೊಸ ಪುಟವೊಂದರಲ್ಲಿ ಬೇಕೆಂದೇ ಒಂದು ಸಾಲು ಸೇರಿಸಿದಳು: "ಹುಳುವಿನ ಮನೆಗೆ ಕಾಲಿಡುವ ಮುಂಚೆ ನಮ್ಮ ಒಂಟಿ ಕೊಂಬಿನ ಹಸುವಿಗೆ ಒಂದು ಮಾತು ಹೇಳಿ ಹೋಗಬೇಕು, ಇಲ್ಲದಿದ್ದರೆ ಅದಕ್ಕೆ ಬೇಜಾರಾಗುತ್ತದೆ." ಕೊಟ್ಟಿಗೆಯಲ್ಲಿ ಒಂಟಿ ಕೊಂಬಿನ ಹಸು ಇರುವುದು ನಮ್ಮ ಮನೆಯಲ್ಲಿ. ಎರಡು ದಿನ ಕಳೆಯಿತು. ಅವನ ಪುಟದಲ್ಲೂ ಅದೇ ಹಸು ಬಂದು ನಿಂತಿತು.

"ನಡಿ, ಹೋಗಿ ಕೇಳೇಬಿಡೋಣ," ಅಂದೆ. ಅವನ ಪುಟದ ಕೆಳಗೆ ಅಂಗಡಿಯ ವಿಳಾಸ ಇತ್ತು. ಇಬ್ಬರೂ ಬಸ್ಸು ಹತ್ತಿದೆವು. ಅರ್ಜಿ ತುಂಬಿಕೊಡುವ, ಜೆರಾಕ್ಸ್ ಮಾಡುವ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದವನು ಅವನೇ, ನಲವತ್ತು ದಾಟಿದ ಆಳು, ಕಿವಿಯ ಹಿಂದೆ ಪೆನ್ನು.

"ಏಮವ್ವಾ, ಏಂ ಕಾವಾಲ?" ಅಂದ. ಏನು ಬೇಕಿತ್ತು ಅಂತ. ಆ ಕಡೆಯವರು ಮೊದಲು ತೆಲುಗಿನಲ್ಲೇ ಕೇಳುತ್ತಾರೆ. ನನಗೇನು ತೆಲುಗು ಬರುವುದಿಲ್ಲವೇ?

"ನೀ ಆವು ಎಕ್ಕಡ್ರಾ?" ಅಂದೆ. ನಿನ್ನ ಹಸು ಎಲ್ಲೋ ಅಂತ.

"ಯಾವ ಹಸು ಅವ್ವಾ? ಇದು ಜೆರಾಕ್ಸ್ ಅಂಗಡಿ."

"ಒಂಟಿ ಕೊಂಬಿನ ಹಸು ಕಣಪ್ಪಾ. ಅದಕ್ಕೆ ಹೇಳಿ ಒಳಗೆ ಹೋಗ್ಬೇಕು ಅಂತ ಬರ್ದಿದ್ದೀಯಲ್ಲ? ಹೇಳೋಣ ಅಂತ ಬಂದೆ. ಎಲ್ಲಿ ಕಟ್ಟಿದ್ದೀಯ, ಮಿಷಿನ್ ಹಿಂದೇನಾ?"

ಜೆರಾಕ್ಸಿಗೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಮೊಮ್ಮಗಳು ಎರಡು ಪುಟಗಳನ್ನೂ ತೆಗೆದು ಅವನ ಮುಂದೆ ಹಿಡಿದಳು. ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ಇಂಟರ್‌ನೆಟ್ಟಲ್ಲಿ ಇರೋದು ಎಲ್ಲಾರ್ದೂನು. ನೀವೇನು ಗುತ್ತಿಗೆ ತಗೊಂಡಿದ್ದೀರಾ?"

"ನಿನ್ನ ಮಿಷಿನ್ನೂ ರೋಡ್ ಪಕ್ಕದಲ್ಲೇ ಐತೆ. ಎತ್ಕೊಂಡು ಹೋಗ್ಲಾ?" ಅಂದೆ.

ನಾವು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದ: "ನಿಮ್ದು ಹೆಂಗೆ ನಡೀತೈತೋ ನಾನೂ ನೋಡ್ತೀನಿ!"

ಅವನ ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಗೆ ಮೊಮ್ಮಗಳು ದೂರು ಬರೆದಳು, ಹಸುವನ್ನೇ ಸಾಕ್ಷಿಗೆ ಕೊಟ್ಟಳು. ಕದ್ದ ಪುಟಗಳೆಲ್ಲ ಹೋದವು. ಆದರೆ ಅವನು ಆಡಿದ ಮಾತು ನನ್ನ ಕಿವಿಯಿಂದ ಹೋಗಲಿಲ್ಲ. ನೋಡುತ್ತಾನಂತೆ! ನೋಡಲಿ. ಇವಳ ಜಾಹೀರಾತನ್ನು ಒತ್ತುವವರಿಗೆ ಬರ ಬರದ ಹಾಗೆ ನಾನು ಮಾಡುತ್ತೇನೆ ಅಂದುಕೊಂಡೆ. ಅಂದುಕೊಂಡಿದ್ದನ್ನು ಮೊಮ್ಮಗಳಿಗೆ ಹೇಳಲಿಲ್ಲ.

ಹುಳುವಿಗೆ ದಿನಕ್ಕೆ ನಾಲ್ಕು ಹೊತ್ತು ಸೊಪ್ಪು ಹಾಕಿ ಅಭ್ಯಾಸವಾದ ಕೈ ನನ್ನದು. ಅದೇ ಹೊತ್ತಿಗೆ ಸರಿಯಾಗಿ ಫೋನು ತೆಗೆದು ಜಾಹೀರಾತುಗಳನ್ನು ಒತ್ತತೊಡಗಿದೆ. ಎಲೆ ಹಾಕಿದರೆ ತಾನೇ ಹುಳು ಗೂಡು ಕಟ್ಟುವುದು? ಆದರೆ ಒಬ್ಬಳು ಎಷ್ಟು ಒತ್ತಿಯಾಳು? ಆಗ ಮುಯ್ಯಾಳು ನೆನಪಾಯಿತು. ನಮ್ಮಲ್ಲಿ ಇವತ್ತು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲಕ್ಕೆ ಬಂದು ದುಡಿಯಬೇಕು, ಕೂಲಿ ಇಲ್ಲ. ಅದೇ ಮುಯ್ಯಾಳು. ಹಾಗೆ ನಾನು ದುಡಿದುಕೊಟ್ಟ ಹೆಂಗಸರು ಊರಲ್ಲಿ ಬೇಕಾದಷ್ಟು ಇದ್ದರು, ಎಲ್ಲರೂ ಎರಡು ಹೊತ್ತೂ ಡೇರಿಗೆ ಹಾಲು ಹಾಕಲು ಬರುವವರು.

ಮರುದಿನ ಡೇರಿಯ ಸಾಲಿನಲ್ಲಿ ನಮ್ಮ ಹಿಂದಿನ ಮನೆಯವಳನ್ನು ಹಿಡಿದೆ.

"ಲೇ, ನಿನ್ನ ತೋಟದಲ್ಲಿ ಎರಡು ದಿನ ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದೀನಿ. ಅದರ ಮುಯ್ಯಿಗೆ ನೀನು ಬಂದು ಕಳೆ ಕೀಳೋದು ಬೇಡ. ದಿನಾ ಹಾಲು ಹಾಕೋಕೆ ಬಂದಾಗ ಇದನ್ನ ಒತ್ತು, ಸಾಕು."

"ಸೊಂಟ ಬಗ್ಗಿಸೋ ಹಂಗಿಲ್ವಾ ದೊಡ್ಡಕ್ಕಾ?"

"ಬೆರಳು ಬಗ್ಗಿಸು."

"ಹಂಗಾದ್ರೆ ಹತ್ತು ಸಲ ಒತ್ತುತೀನಿ ಬಿಡು!"

ಒಬ್ಬಳಿಂದ ಒಬ್ಬಳಿಗೆ ಹಬ್ಬಿ, ಸಾಲಿನಲ್ಲಿ ನಿಂತವರೆಲ್ಲ ಹಾಲಿನ ಕ್ಯಾನು ಕಾಲ ಬಳಿ ಇಟ್ಟು ಒತ್ತತೊಡಗಿದರು. ಒಬ್ಬಳು ಅಡುಗೆಮನೆ ಕಟ್ಟಿಕೊಡುವವರ ಜಾಹೀರಾತನ್ನು ಎಷ್ಟು ಒತ್ತಿ, ಕೇಳಿದ ಕಡೆ ನಂಬರೂ ಕೊಟ್ಟಳೆಂದರೆ, ಅವರೇ ಫೋನು ಮಾಡಿ ಅಳತೆ ತೆಗೆಯಲು ಯಾವತ್ತು ಬರಲಿ ಎಂದು ಕೇಳಿದರು. ನನಗೋ ಹೆಮ್ಮೆ. ಮುಳಬಾಗಿಲಿನವನೇ, ಈಗ ನೋಡು ಬಾ.

ಒಂದು ದಿನ ಮೊಮ್ಮಗಳ ಪುಟಗಳಲ್ಲಿ ಜಾಹೀರಾತು ಇರಬೇಕಾದ ಕಡೆಯೆಲ್ಲ ಬರೀ ಬಿಳಿ. ಸೊಪ್ಪು ಹಾಕದ ತಟ್ಟೆಯ ಹಾಗೆ. ಅವಳು ಕಂಪ್ಯೂಟರಿನ ಮುಂದೆ ಕಲ್ಲಿನಂತೆ ಕೂತಿದ್ದಳು.

"ಕಂಪನಿಯೋರು ಜಾಹೀರಾತು ನಿಲ್ಲಿಸಿದ್ದಾರೆ ಅಜ್ಜಿ. ಯಾರೋ ಬೇಕಂತಲೇ ಒತ್ತಿದ್ದಾರಂತೆ. ಕೊಳ್ಳೋ ಆಸೆ ಇಲ್ದೆ ಸುಮ್ನೆ ಒತ್ತೋದು ಮೋಸ. ಆಗದವರ ವೆಬ್‌ಸೈಟ್ ಮುಳುಗಿಸೋಕೆ ಹಿಂಗೆ ಮಾಡ್ತಾರೆ."

ಮೋಸ ಅನ್ನುವ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತಲೆಯ ತುಂಬ ಅವನೇ ಇದ್ದ. "ಅವನೇ! ಅವನ ಕೈ ಸೇದಿಹೋಗ! ಅವನ ಮಿಷಿನ್ನಿಗೆ ಬೆಂಕಿ ಬೀಳ!" ಅಂತ ಬೀದಿಗೆ ಕೇಳುವ ಹಾಗೆ ಬೈದೆ. ಮೊಮ್ಮಗಳಿಗೂ ಅವನ ಮೇಲೇ ಅನುಮಾನ. ಕಂಪನಿಗೆ ಉತ್ತರ ಬರೆಯಲು ಅವಳಿಗೆ ಇದ್ದದ್ದು ಒಂದೇ ಅವಕಾಶ. ಅದನ್ನು ಅವರು ಒಪ್ಪದಿದ್ದರೆ ಬಾಗಿಲು ಮುಚ್ಚಿದಂತೆಯೇ. ಅವನೇ ಮಾಡಿದ್ದು ಎಂದು ಬರೆಯುತ್ತೇನೆ, ಕೋಲಾರಕ್ಕೆ ಹೋಗಿ ಪೊಲೀಸಿಗೂ ಕೊಡುತ್ತೇನೆ ಎಂದಳು. ಸಾಕ್ಷಿಗೆ ಲೆಕ್ಕ ತೆಗೆದು ತೋರಿಸಿದಳು.

"ನೋಡು ಅಜ್ಜಿ, ಎಲ್ಲಾ ಕೋಲಾರದ ಕಡೆಯಿಂದಾನೇ. ಬಹುಪಾಲು ದಿನಾ ಬೆಳಿಗ್ಗೆ ಆರೂವರೆಯಿಂದ ಏಳು, ಸಾಯಂಕಾಲ ಐದೂವರೆಯಿಂದ ಆರು. ಗಡಿಯಾರ ಇಟ್ಕೊಂಡು ಒತ್ತಿದ್ದಾನೆ ಕಳ್ಳ. ಭಾನುವಾರಾನೂ ಬಿಟ್ಟಿಲ್ಲ."

ಬೆಳಿಗ್ಗೆ ಆರೂವರೆ, ಸಾಯಂಕಾಲ ಐದೂವರೆ ಡೇರಿಗೆ ಹಾಲು ಹಾಕುವ ಹೊತ್ತು. ಹಸುವಿಗೆ ಭಾನುವಾರ ರಜೆ ಎಲ್ಲಿದೆ?

ಆವಾಗಲೇ ಹೇಳಬೇಕಿತ್ತು. ಹೇಳಲಿಲ್ಲ. ಸುಳ್ಳು ಯಾಕೆ, ಅವನ ಮೇಲೇ ಬೀಳಲಿ ಅನ್ನಿಸಿತು. ಕದ್ದವನು ತಾನೇ? ಕದ್ದದ್ದಕ್ಕೆ ಆಗದ ಶಿಕ್ಷೆ ಇದಕ್ಕೆ ಆಗಲಿ. ಒಂದು ಹಗಲೆಲ್ಲ ಹಾಗೇ ಇದ್ದೆ.

ಮರುದಿನ ಮೊಮ್ಮಗಳು ಪೊಲೀಸಿಗೆ ಕೊಡುವ ಕಾಗದಗಳ ಕವರು ಹಿಡಿದು ಬಸ್ಸಿಗೆ ಹೊರಟಳು. ಹೋಗುತ್ತಲೇ ಫೋನಿನಲ್ಲಿ ಯಾರಿಗೋ, "ಹೌದು ಸರ್, ಜಾಗ ಇದ್ರೆ ಹೇಳಿ, ಮುಂದಿನ ವಾರದಿಂದ ಬರ್ತೀನಿ" ಅನ್ನುತ್ತಿದ್ದಳು. ಮಾಲೂರಿನ ಕಾರ್ಖಾನೆಗೆ. ಹಿಂದೆಯೇ ಓಡಿದೆ. ಬಸ್‌ ನಿಲ್ದಾಣದಲ್ಲಿ ಅವಳ ಕವರು ಹಿಡಿದುಕೊಂಡೆ.

"ಅವನು ಒತ್ತಿಲ್ಲ ಕಣೇ."

"ನಿಂಗೆ ಹೆಂಗೆ ಗೊತ್ತು?"

"ಒತ್ತಿದ್ದು ನಾನು."

"ಒಂದ್ಸಲ ಒತ್ತಿದ್ರೆ ಏನೂ ಆಗಲ್ಲ, ಬಿಡು ಅಜ್ಜಿ."

"ದಿನಾ ನಾಲ್ಕು ಹೊತ್ತು ಒತ್ತಿದೆ. ಡೇರಿಯೋರೆಲ್ಲ ಎರಡು ಹೊತ್ತು ಒತ್ತಿದ್ರು. ನಾನೇ ಹೇಳಿದ್ದು, ಮುಯ್ಯಾಳು ಅಂತ."

ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಹತ್ತಲಿಲ್ಲ.

"ಅವನು ಎಲೆ ಕದ್ದ, ನೀನು ಗಿಡಾನೇ ಕಿತ್ತೆ," ಅಂದಳು.

ಆಮೇಲೆ ಮೂರು ದಿನ ಹೀಗೇ: ತಟ್ಟೆಯನ್ನು ನನ್ನ ಮುಂದೆ ಟಣ್ಣೆಂದು ಇಡುವುದು, ಎದ್ದು ಹೋಗುವುದು. ನಾಲ್ಕನೇ ದಿನ ನನಗೂ ರೇಗಿತು.

"ಒತ್ತಬಾರದು ಅಂತ ನೀನು ನಂಗೆ ಯಾವತ್ತಾದ್ರೂ ಹೇಳಿದ್ಯೇನೇ?"

"ಡೇರಿಗೆ ಡೇರೀನೇ ಒತ್ತುತ್ತೆ ಅಂತ ಯಾರು ಅಂದ್ಕೋತಾರೆ ಅಜ್ಜಿ!" ಅಂದಳು. ತುಟಿಯ ತುದಿಗೆ ನಗು ಬಂದಿತ್ತು, ನುಂಗಿಕೊಂಡಳು. "ಬಾ ಇಲ್ಲಿ, ಕೂತ್ಕೋ. ನಡೆದಿದ್ದು ನಡೆದ ಹಂಗೆ ಹೇಳು. ಅದನ್ನೇ ಬರೀತೀನಿ."

ಕಾಲು ತೊಳೆದು ಒಳಗೆ ಹೋಗಿ ಕೂತೆ. ನಾನು ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಬರೆದಳು. ಮುಯ್ಯಾಳು ಅನ್ನುವಲ್ಲಿ ನಿಂತಳು. ಏನು ಬರೆದರೂ ಕೂಲಿ ಕೊಟ್ಟು ಒತ್ತಿಸಿದ ಹಾಗೇ ಅರ್ಥ ಬರುತ್ತದೆ ಎಂದು ಅಳಿಸಿದಳು. ಕೊನೆಗೆ ಪದವನ್ನು ಹಾಗೇ ಇಟ್ಟು, ಅದು ಏನೆಂದು ನಾಲ್ಕು ಸಾಲು ವಿವರಿಸಿದಳು.

"ಆ ಕಳ್ಳನ ವಿಷಯಾನೂ ಒಂದು ಮಾತು ಸೇರಿಸು," ಅಂದೆ.

"ಇದನ್ನ ಅವನು ಮಾಡಿಲ್ಲ ಅಜ್ಜಿ. ಸೇರಿಸಲ್ಲ."

ನನಗೆ ಒಪ್ಪಿಕೊಳ್ಳಲು ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಡೇರಿಗೆ ಹೋಗಿ, ಇನ್ನು ಯಾರೂ ಒತ್ತಬೇಡಿ ಎಂದೆ. ಹಿಂದಿನ ಮನೆಯವಳು ಸೊಂಟಕ್ಕೆ ಕೈ ಇಟ್ಟಳು.

"ಒತ್ತಿದ್ದು ಒತ್ತಿದ್ದೇ ದೊಡ್ಡಕ್ಕಾ. ನನ್ನ ಮುಯ್ಯಿ ತೀರ್ತು."

"ಎಲ್ಲಿ ತೀರ್ತು? ಅದು ಮೋಸದ ಒತ್ತಂತೆ, ಕಂಪನಿಯೋರೇ ಲೆಕ್ಕಕ್ಕೆ ತಗೊಂಡಿಲ್ಲ. ಬಂದು ಕಳೆ ಕೀಳು."

"ಒತ್ತು ಅಂದೋಳೂ ನೀನೇ, ಮೋಸ ಅನ್ನೋಳೂ ನೀನೇ! ನನ್ನ ಬೆರಳು ಸವೆದಿದ್ದು ಯಾರಿಗೆ ಹೇಳಲಿ?"

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಅವತ್ತಿನಿಂದ ಸಾಲಿನಲ್ಲಿ ಅವಳು ನನಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು, ನಾನು ಅವಳ ಕ್ಯಾನು ದಾಟಿ ಹೋಗಿ ನಿಲ್ಲುತ್ತಿದ್ದೆ. ನಮ್ಮ ಹೊಲದ ಕಳೆ ಮೊಣಕಾಲುದ್ದ ಬೆಳೆಯಿತು.

ಕಂಪನಿಯಿಂದ ಉತ್ತರ ಬರಲು ವಾರಗಳೇ ಹಿಡಿದವು. ಮಾಲೂರಿನವರು ಜಾಗ ಖಾಲಿ ಇದೆ ಎಂದು ಎರಡು ಸಲ ಫೋನು ಮಾಡಿದರು. ಮೊಮ್ಮಗಳು ಹಳೆಯ ಊಟದ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೊಳೆದಿಟ್ಟಳು. ಆ ಡಬ್ಬಿಯನ್ನು ನೋಡಿದಾಗೆಲ್ಲ ಮೊದಲು ಮುಳಬಾಗಿಲಿನವನನ್ನು ಬೈಯುತ್ತಿದ್ದೆ, ಆಮೇಲೆ ನೆನಪಾಗಿ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಿನ್ನೆ ಮಧ್ಯಾಹ್ನ ಹುಳುವಿನ ಮನೆಯಿಂದ ಅವಳು ಕೂಗಿದ ಕೂಗಿಗೆ ಹಸು ಹಗ್ಗ ಜಗ್ಗಿತು. ಕಾಲು ತೊಳೆಯದೆ ಒಳಗೆ ಓಡಿದೆ. ಪುಟದ ನಡುವೆ ಕೆಂಪು ಕುಕ್ಕರ್ ಒಂದು ಮಿರಮಿರ ಮಿಂಚುತ್ತಿತ್ತು. ನೀವು ಹೇಳಿದ್ದನ್ನು ಒಪ್ಪಿದ್ದೇವೆ, ಇನ್ನೊಂದು ಸಲ ಹೀಗಾದರೆ ಒಪ್ಪುವುದಿಲ್ಲ ಎಂದು ಕಂಪನಿಯವರು ಬರೆದಿದ್ದರು. ಮೊಮ್ಮಗಳು ಅಳುತ್ತಾ ನಗುತ್ತಾ ನನ್ನ ಎರಡು ಕೈಯನ್ನೂ ಬಿಗಿಯಾಗಿ ಹಿಡಿದುಕೊಂಡಳು. ಪ್ರೀತಿಗೆ ಹಿಡಿದಳೋ, ಎಲ್ಲಿ ಒತ್ತಿಬಿಡುತ್ತೇನೋ ಎಂದು ಹಿಡಿದಳೋ, ಕೇಳಲಿಲ್ಲ. ಊಟದ ಡಬ್ಬಿಯನ್ನು ನಾನೇ ಅಟ್ಟಕ್ಕೆ ಎಸೆದೆ.

ಸಾಯಂಕಾಲ ಡೇರಿಯಲ್ಲಿ ನನ್ನ ಬಾಯಿ ನಿಲ್ಲಲಿಲ್ಲ. ಎಲ್ಲರೂ ಫೋನು ತೆಗೆದರು, ಸುದ್ದಿ ನಿಜ ಎಂದು ನೋಡಿದರು. ನೋಡುವಾಗ ಒಬ್ಬೊಬ್ಬರೂ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಇಷ್ಟು ದಿನ ಬೆನ್ನು ಹಾಕಿದ್ದ ಹಿಂದಿನ ಮನೆಯವಳು ನಿಧಾನವಾಗಿ ತಿರುಗಿದಳು.

"ಕುಕ್ಕರ್ ಚೆನ್ನಾಗೈತೆ ದೊಡ್ಡಕ್ಕಾ," ಅಂದಳು. "ಒಂದೇ ಒಂದ್ಸಲ ಒತ್ಲಾ?"

"ನಿನ್ನ ಬೆರಳು ಮುರೀತೀನಿ ಕಣೇ!" ಅಂದೆ. "ನಾಳೆ ಕುಡುಗೋಲು ತಗೊಂಡು ಹೊಲಕ್ಕೆ ಬಾ."